ಚರ್ಚಿನ ಬಾಗಿಲವರೆಗೆ ಬೇಕಾದ ಹೆಸರುಗಳು

ಆ ಭಾನುವಾರ ಬೆಳಿಗ್ಗೆ ಫಾರ್ಕರನಿಗೆ ತನ್ನ ಎರಡು ಕೈಗಳ ಮೇಲೆ ನಂಬಿಕೆ ಇರಲಿಲ್ಲ. ಸೊಂಟದ ಚರ್ಮದ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿ, ಎರಡೂ ಹೆಬ್ಬೆರಳನ್ನು ಅದರೊಳಗೆ ಸಿಕ್ಕಿಸಿಕೊಂಡು, ಅಡುಗೆಮನೆಯ ಒಲೆಯ ಮುಂದೆ ಆ ಗೋಡೆಯಿಂದ ಈ ಗೋಡೆಗೆ ನಡೆದು ನೋಡುತ್ತಿದ್ದ.

ಒಲೆಯ ಮೇಲೆ ಗಂಜಿ ತಿರುವುತ್ತಿದ್ದ ಗ್ರಿಜೆಲ್ ತಿರುಗಿ ನೋಡಿದಳು. "ಏನಜ್ಜ, ಕುರಿ ಕದ್ದು ಸಿಕ್ಕಿಬಿದ್ದೋರ ಹಾಗೆ ಓಡಾಡ್ತಿದ್ದೀಯ?"

"ಕೈಗೆ ಬುದ್ಧಿ ಕಲಿಸ್ತಿದ್ದೀನಮ್ಮ. ಎಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿದ ಕೈ. ಇವತ್ತೊಂದಿನ ಬೇಡ ಅಂದ್ರೆ ಕೇಳ್ಬೇಕಲ್ಲ."

ಅವಳು ನಗಲಿಲ್ಲ. ಸೌಟು ಗಂಜಿಯೊಳಗೇ ನಿಂತಿತು.

ಆ ಕೈ ಮಾಡಿದ ಕೆಲಸವೆಂದರೆ ಟಾರ್ಕ್ವಿಲನನ್ನು ಹಿಡಿಯುವುದು. ಟಾರ್ಕ್ವಿಲ್ ಎಂದರೆ ಗ್ರಿಜೆಲಳ ತಾತ, ಬಾಲನೆಥನ್ ಕಣಿವೆಗೆಲ್ಲ ಒಡೆಯ, ಊರಿನ ಬಾಯಲ್ಲಿ ಧಣಿ. ಹುಟ್ಟಿದ ಇಪ್ಪತ್ತನೆಯ ದಿನಕ್ಕೆ ಅವನನ್ನು ಕಂಬಳಿಯಲ್ಲಿ ಸುತ್ತಿ ಫಾರ್ಕರನ ತಾಯಿಯ ಗುಡಿಸಲಿಗೆ ತಂದುಕೊಟ್ಟಿದ್ದರು. ದೊಡ್ಡ ಮನೆಯ ಮಕ್ಕಳು ಒಕ್ಕಲಿನವರ ಮನೆಯಲ್ಲಿ ಬೆಳೆಯಬೇಕು ಎನ್ನುವುದು ಆ ಕಡೆಯ ಪದ್ಧತಿ. ಎರಡು ಕೂಸುಗಳೂ ಒಂದೇ ಎದೆಯ ಹಾಲು ಕುಡಿದವು. ಹೀಗೆ ಹಾಲು ಹಂಚಿಕೊಂಡವನು ಒಡಹುಟ್ಟಿದವನಿಗಿಂತ ಹತ್ತಿರ. ಕೊಳದ ಮೇಲಿನ ಮಂಜುಗಡ್ಡೆ ಬಿರುಕುಬಿಟ್ಟಾಗ ಟಾರ್ಕ್ವಿಲನ ಜುಟ್ಟು ಹಿಡಿದವನು ಫಾರ್ಕರ್. ಮದುವೆಯ ದಿನ ಕುಡಿದು ಮೆಟ್ಟಿಲಿಂದ ಉರುಳುವಾಗ ತೋಳು ಹಿಡಿದವನೂ ಅವನೇ. ಟಾರ್ಕ್ವಿಲನ ಕಾಲು ಎಡವಿದರೆ ಫಾರ್ಕರನ ತಲೆಗೆ ಗೊತ್ತಾಗುವ ಮೊದಲೇ ಕೈಗೆ ಗೊತ್ತಾಗುತ್ತಿತ್ತು.

ಆದರೆ ಗುರುವಾರ ವಕೀಲ ಡಲ್ಗಾರ್ನೊ ಬಂದು ಹೋದಮೇಲೆ ಆ ಕೈಯೇ ಅಪಾಯದ್ದಾಗಿತ್ತು.

ಚಳಿಗಾಲದ ಜ್ವರ ಧಣಿಯ ಎದೆಯಲ್ಲಿ ನೀರು ಬಿಟ್ಟು ಹೋಗಿತ್ತು. ವೈದ್ಯ ಒಂದು ತಿಂಗಳ ಮಾತನ್ನೂ ಆಡಲಿಲ್ಲ. ಗುರುವಾರ ಧಣಿ ದಿಂಬಿಗೆ ಒರಗಿಕೊಂಡು ಭೂಮಿ, ಮನೆ, ಗಿರಣಿ ಎಲ್ಲವನ್ನೂ ಗ್ರಿಜೆಲಳ ಹೆಸರಿಗೆ ಬರೆದು ಸಹಿ ಹಾಕಿದ. ಬರೆಯದಿದ್ದರೆ ಎಲ್ಲವೂ ತಮ್ಮನ ಮಗ ಲಾಕ್ಲನನಿಗೆ. ಯಾಕೆಂದರೆ ಗ್ರಿಜೆಲಳ ಅಪ್ಪ ಐವರ್, ಧಣಿಯ ಒಬ್ಬನೇ ಮಗ, ದನದ ವ್ಯಾಪಾರಿಯ ಮಗಳೊಬ್ಬಳನ್ನು ಪಾದ್ರಿಯಿಲ್ಲದೆ, ಕಾಗದವಿಲ್ಲದೆ, ಇಬ್ಬರು ಸಾಕ್ಷಿಗಳ ಮುಂದೆ ಮಾತು ಕೊಟ್ಟು ಕಟ್ಟಿಕೊಂಡಿದ್ದ. ಆ ನೆಲದಲ್ಲಿ ಅದೂ ಮದುವೆಯೇ. ಆದರೆ ಸಾಕ್ಷಿಗಳಿಬ್ಬರೂ ಸತ್ತಿದ್ದರು. ಐವರನೂ ಸತ್ತಿದ್ದ, ಅವನ ಹೆಂಡತಿಯೂ. ಹುಡುಗಿ ಯಾರ ಮಗಳು ಎಂದು ಹೇಳಲು ಬದುಕಿರುವ ಬಾಯಿ ಇರಲಿಲ್ಲ.

"ಕಾಯಿಲೆಯಲ್ಲಿ ಮಲಗಿದೋನು ಬರೆದ ಕಾಗದ," ಎಂದಿದ್ದ ಡಲ್ಗಾರ್ನೊ ಮೂಗಿಗೆ ನಶ್ಯ ಏರಿಸುತ್ತ. "ಅರವತ್ತು ದಿನ ಬದುಕಿದ್ರೆ ಗಟ್ಟಿ. ಇಲ್ದಿದ್ರೆ ಲಾಕ್ಲನ್ ಕೋರ್ಟಿಗೆ ಹೋಗಿ ಹರಿದು ಹಾಕಿಸ್ತಾರೆ. ಸಾಯೋ ಹೊತ್ತಲ್ಲಿ ಬುದ್ಧಿ ಕೆಟ್ಟು ಬರೆದದ್ದು ಅಂತ."

"ಅರವತ್ತು ದಿನ ನನ್ ಹತ್ರ ಇಲ್ಲ ಕಣಯ್ಯ," ಎಂದ ಧಣಿ.

"ಹಾಗಾದ್ರೆ ಹಳೇ ದಾರಿ ಒಂದೇ. ಜನ ಸೇರೋ ಹೊತ್ತಲ್ಲಿ ಚರ್ಚಿಗೆ ನಡ್ಕೊಂಡು ಹೋಗಿ, ನಡ್ಕೊಂಡೇ ಬರ್ಬೇಕು. ಯಾರೂ ಹಿಡೀಬಾರ್ದು. ಕೋಲೂ ಬೇಡ, ಗೋಡೆ ಆಸರೆಯೂ ಬೇಡ, ಅದರ ಮೇಲೂ ವಾದ ಮಾಡ್ತಾರೆ. ಹಾಗೆ ನಡೆದೋನು ಸಾಯೋ ಹಾಸಿಗೆಯವನಲ್ಲ ಅಂತ ಕಾನೂನು ಒಪ್ಪುತ್ತೆ."

"ಬೇಡ ಅಂದ್ರೂ ಯಾರಾದ್ರೂ ಹಿಡಿದುಬಿಟ್ರೆ?" ಎಂದು ಕೇಳಿದವನು ಫಾರ್ಕರ್.

"ಹಿಡಿದೋರು ಯಾರು, ಯಾಕೆ ಹಿಡಿದ್ರು, ಅದನ್ನ ಕಾನೂನು ಕೇಳಲ್ಲ. ಹಿಡಿದ್ರಾ ಇಲ್ವಾ, ಅಷ್ಟೇ."

ಶನಿವಾರ ಫಾರ್ಕರ್ ಚರ್ಚಿನ ದಾರಿಯ ಎರಡು ಕಡೆಯ ಮನೆಗಳಿಗೂ ಹೋಗಿ ಬಾಗಿಲು ತಟ್ಟಿದ. ನಾಳೆ ಧಣಿ ಬರ್ತಾರೆ, ಯಾರೂ ಮುಟ್ಟಬೇಡಿ ಎಂದ. ಗಿರಣಿಯವನ ಹೆಂಡತಿ ಬೇಥಿಯಾ ಹಿಟ್ಟಿನ ಕೈಯನ್ನು ಸೊಂಟದ ಮೇಲಿಟ್ಟಳು.

"ಬಿದ್ರೆ?"

"ಬಿದ್ರೂ ಮುಟ್ಬೇಡ."

"ಸತ್ರೆ?"

ಫಾರ್ಕರ್ ಸ್ವಲ್ಪ ಯೋಚಿಸಿದ. "ಸತ್ರೆ ಹಿಡೀಬಹುದು."

"ನಿಮ್ ಕಾನೂನಿಗೆ ಬೆಂಕಿ ಹಾಕ," ಎಂದಳು ಬೇಥಿಯಾ. ಆದರೆ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಳು.

ಅದೇ ದಿನ ಸಂಜೆಗೆ ಮೊದಲೇ ಲಾಕ್ಲನ್ ಕುದುರೆ ಇಳಿದ. ಒಳ್ಳೆಯ ಉಡುಪು, ಒಳ್ಳೆಯ ನಗೆ. ಹಾಸಿಗೆಯ ಪಕ್ಕ ಮಂಡಿಯೂರಿ ಧಣಿಯ ಕೈಗೆ ಮುತ್ತಿಟ್ಟ. "ದೊಡ್ಡಪ್ಪ, ನಾಳೆ ಚರ್ಚಿಗೆ ಹೊರಟಿದ್ದೀರಂತೆ. ಈ ಹಿಮದಲ್ಲಿ ಒಬ್ಬರೇ ಹೇಗೆ? ನಾನಿದ್ದೀನಲ್ಲ, ಮಗನ ಥರ ತೋಳು ಕೊಡ್ತೀನಿ."

"ನಿನ್ ತೋಳು ನಿನ್ ಹತ್ರಾನೇ ಇರ್ಲಿ," ಎಂದ ಧಣಿ.

"ಛೆ, ಬಿಡಕ್ಕಾಗುತ್ತಾ? ನೀವು ಬೇಡ ಅಂದ್ರೂ ನನ್ ಮನಸ್ಸು ಕೇಳ್ಬೇಕಲ್ಲ," ಎಂದು ಲಾಕ್ಲನ್ ಅಷ್ಟೇ ಮೃದುವಾಗಿ ಹೇಳಿ, ಎದ್ದು ಹೋಗುವಾಗ ಫಾರ್ಕರನ ಹೆಗಲು ತಟ್ಟಿದ. ಆ ಭಯ ರಾತ್ರಿಯಿಡೀ ಫಾರ್ಕರನನ್ನು ನಿದ್ದೆಗೆ ಬಿಡಲಿಲ್ಲ. ಹೊಡೆಯಲು ಬಂದವನನ್ನು ತಡೆಯಬಹುದು, ತೋಳು ಕೊಡಲು ಬಂದವನನ್ನು ಹೇಗೆ ತಡೆಯುವುದು? ಭಾನುವಾರ, ಚರ್ಚಿನ ದಾರಿಯಲ್ಲಿ, ಒಕ್ಕಲಿನವನೊಬ್ಬ ದೊಡ್ಡ ಮನೆಯ ಮಗನನ್ನು ತಳ್ಳುವುದೆ? ತಳ್ಳಾಟದಲ್ಲಿ ಮೊದಲು ಬೀಳುವವನು ಟಾರ್ಕ್ವಿಲನೇ.

ಇನ್ನೊಂದು ಭಯವೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಫಾರ್ಕರನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಬಾಲನೆಥನ್ ಮನೆತನದ ವಂಶ ಹೇಳುವವರು. ದೋಣಿಯಲ್ಲಿ ಬಂದ ಮೊದಲ ಗಿಲ್‌ಬ್ರೈಡನಿಂದ ಈಗಿನ ಟಾರ್ಕ್ವಿಲನವರೆಗೆ ಇಪ್ಪತ್ತೊಂದು ತಲೆ. ಕಾಗದದ ಮೇಲೆ ಇರಲಿಲ್ಲ, ಬಾಯಲ್ಲಿತ್ತು. ಈ ಚಳಿಗಾಲದಿಂದ ಆ ಹೆಸರುಗಳು ನಡುನಡುವೆ ಜಾರುತ್ತಿದ್ದವು. ಕುರಿ ದೊಡ್ಡಿಯಲ್ಲಿ ಒಬ್ಬನೇ ಹೇಳಿಕೊಳ್ಳುವಾಗ ಹನ್ನೊಂದನೆಯವನ ಹತ್ತಿರ ಬಂದು ನಿಂತುಬಿಡುತ್ತಿದ್ದ, ಮುಂದಿನವನು ಮಂಜಿನೊಳಗೆ ಹೋದವನಂತೆ ಕಾಣುತ್ತಿರಲಿಲ್ಲ.

ಆ ವಂಶವನ್ನು ಸುಮ್ಮನೆ ಹೇಳುವಂತಿರಲಿಲ್ಲ. ಹೇಳಲು ಶುರುವಾದರೆ ಆ ರಕ್ತದವನು ಯಾರೇ ಇರಲಿ, ನಿಂತಲ್ಲೇ ನಿಲ್ಲಬೇಕು, ಟೋಪಿ ತೆಗೆದು ಎರಡೂ ಕೈಯಲ್ಲಿ ಎದೆಗೆ ಹಿಡಿಯಬೇಕು, ಕೊನೆಯ ಹೆಸರು ಬರುವವರೆಗೆ ಕದಲಬಾರದು. ಮನೆತನದ ಯಜಮಾನನೊಬ್ಬನಿಗೆ ಮಾತ್ರ ಈ ಕಟ್ಟು ಇಲ್ಲ, ಹೇಳುವುದು ಅವನಿಗೇ ತಾನೆ. ನಲವತ್ನಾಲ್ಕು ವರ್ಷದ ಹಿಂದೆ ಟಾರ್ಕ್ವಿಲ್ ಪಟ್ಟಕ್ಕೆ ಬಂದ ದಿನ ಆಲಿಕಲ್ಲು ಬಿತ್ತು. ದಾಯಾದಿಗಳೆಲ್ಲ ಬರಿತಲೆಯ ಮೇಲೆ ಆಲಿಕಲ್ಲು ಕುಣಿಸಿಕೊಂಡು ನಿಂತಿದ್ದರು. ಒಬ್ಬ ಮುದಿ ಚಿಕ್ಕಪ್ಪ ನಿಂತಲ್ಲೇ ಒದ್ದೆ ಮಾಡಿಕೊಂಡ, ಕದಲಲಿಲ್ಲ. ಕದಲಿದವನು ಈ ರಕ್ತ ನನ್ನದಲ್ಲ ಎಂದು ಊರ ಮುಂದೆ ತಾನೇ ಹೇಳಿಕೊಂಡ ಹಾಗೆ.

ಹತ್ತೊಂಬತ್ತು ವರ್ಷದ ಹಿಂದೆ, ಐವರನ ಮದುವೆಯ ಸುದ್ದಿ ಬಂದ ದಿನ, ಧಣಿ ಹೇಳಿದ್ದ, "ಫಾರ್ಕರ್, ಅವನ ಹೆಸರು ಇನ್ಮುಂದೆ ನಿನ್ ಬಾಯಲ್ಲಿ ಬರಬಾರ್ದು." ಬಂದಿರಲಿಲ್ಲ. ಹುಡುಗಿ ಮನೆಗೆ ಬಂದು ನಾಲ್ಕು ವರ್ಷವಾಗಿ, ಮುದುಕನ ಕಂಬಳಿ ಸರಿಮಾಡುವವಳು ಅವಳೇ ಆದಮೇಲೂ ಬಂದಿರಲಿಲ್ಲ. ಗುರುವಾರ ಸಹಿಯಾದಮೇಲೆ ಫಾರ್ಕರ್ ಮೆಲ್ಲಗೆ ಕೇಳಿದ್ದ, ಆ ಹೆಸರನ್ನ ತಿರುಗಿ ಸೇರಿಸ್ಲಾ ಅಂತ. ಟಾರ್ಕ್ವಿಲ್ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಚರ್ಚಿನ ಗಂಟೆ ಬಾರಿಸಿತು.

ಮನೆಯ ಬಾಗಿಲಿಂದ ಚರ್ಚಿನ ಬಾಗಿಲಿಗೆ ನಾನೂರು ಹೆಜ್ಜೆ. ಧಣಿ ಹೊಸ್ತಿಲು ದಾಟಿದ. ಅವನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಫಾರ್ಕರ್, ಹೆಬ್ಬೆರಳು ಪಟ್ಟಿಯೊಳಗೆ. ಅವನ ಹಿಂದೆ ಗ್ರಿಜೆಲ್ ಮತ್ತು ಡಲ್ಗಾರ್ನೊ. ಲಾಕ್ಲನ್ ಮನೆಯಲ್ಲಿ ಕಾಣಲಿಲ್ಲ. ಮೊದಲೇ ಎದ್ದು ಹೋದ ಎಂದಳು ಗ್ರಿಜೆಲ್. ಅದಂತೂ ಫಾರ್ಕರನಿಗೆ ಹಿಡಿಸಲೇ ಇಲ್ಲ.

ಮೊದಲ ನೂರು ಹೆಜ್ಜೆಗೆ ಧಣಿ ಮೂರು ಸಲ ನಿಂತ. ಅವನ ಉಸಿರು ಹಳೆಯ ತಿದಿಯಂತೆ ಸದ್ದು ಮಾಡುತ್ತಿತ್ತು. ದಾರಿಯ ಎರಡು ಕಡೆ ಜನ ಗೋಡೆಗೆ ಒತ್ತಿಕೊಂಡು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. ಬೇಥಿಯಾ ಕೈಗಳನ್ನು ಏಪ್ರನ್ನಿನೊಳಗೆ ಸುತ್ತಿಕೊಂಡು, ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ್ದಳು.

ಗಿರಣಿ ಕಾಲುವೆಯ ಹತ್ತಿರ ಮಂಜು ಹೆಪ್ಪುಗಟ್ಟಿತ್ತು. ಧಣಿಯ ಎಡಗಾಲು ಜಾರಿತು. ಫಾರ್ಕರನ ಬಲಗೈ ಪಟ್ಟಿಯಿಂದ ಹೊರಗೆ ಬಂದೇಬಿಟ್ಟಿತ್ತು. ಅದನ್ನು ಅವನು ತನ್ನ ಎಡಗೈಯಿಂದಲೇ, ಪರರ ಕೈ ಹಿಡಿದಂತೆ, ಹಿಡಿದು ಎಳೆದ. ಅಷ್ಟರಲ್ಲಿ ಟಾರ್ಕ್ವಿಲ್ ಎರಡು ತೋಳನ್ನೂ ಹಕ್ಕಿಯ ಹಾಗೆ ಹರಡಿ ನಿಂತುಕೊಂಡಿದ್ದ.

"ನಿನ್ ಕೈ ಎಲ್ಲಿದೆಯೋ?" ಎಂದ, ತಿರುಗದೆ.

"ಇದ್ದಲ್ಲೇ ಇದೆ."

"ಸುಳ್ಳ."

ಇನ್ನೂರ ಎಂಬತ್ತು ಹೆಜ್ಜೆ ಆಗಿತ್ತು. ಫಾರ್ಕರ್ ಎಣಿಸುತ್ತಿದ್ದ. ಆಗ ಚರ್ಚಿನ ಅಂಗಳದ ಯೂ ಮರದ ಕೆಳಗಿಂದ ಲಾಕ್ಲನ್ ಹೊರಗೆ ಬಂದ. ದಾರಿಯ ನಡುವೆ, ಎಲ್ಲರೂ ನೋಡುವ ಹಾಗೆ, ಬಲತೋಳನ್ನು ಮುಂದೆ ಚಾಚಿಕೊಂಡು ಬರುತ್ತಿದ್ದ. ಮುಖದಲ್ಲಿ ಮರುಕವೇ ಮರುಕ.

"ಅಯ್ಯೋ ದೊಡ್ಡಪ್ಪ! ಎಷ್ಟು ಕಷ್ಟಪಡ್ತಿದ್ದೀರಿ. ಯಾರಿಗೂ ಕರುಣೆ ಇಲ್ವಾ ಈ ಊರಲ್ಲಿ? ತಗೊಳ್ಳಿ, ಹಿಡ್ಕೊಳ್ಳಿ."

"ದೂರ ಇರಿ ಸ್ವಾಮಿ!" ಎಂದ ಡಲ್ಗಾರ್ನೊ ಹಿಂದಿನಿಂದ.

"ಮುದುಕನಿಗೆ ತೋಳು ಕೊಡೋಕೆ ವಕೀಲರನ್ನ ಕೇಳ್ಬೇಕಾ?" ಎಂದ ಲಾಕ್ಲನ್ ಜನರ ಕಡೆ ತಿರುಗಿ. ನಿಲ್ಲಲಿಲ್ಲ. ಹದಿನೈದು ಹೆಜ್ಜೆ ಉಳಿದಿತ್ತು, ಆಮೇಲೆ ಹನ್ನೆರಡು. ಗ್ರಿಜೆಲ್ ಬಾಯಿಗೆ ಕೈ ಅಡ್ಡ ಹಿಡಿದಳು. ಧಣಿ ಪಕ್ಕಕ್ಕೆ ಸರಿಯಲು ನೋಡಿದ, ಆಗಲಿಲ್ಲ. ಫಾರ್ಕರನಿಗೆ ಏನೂ ಹೊಳೆಯಲಿಲ್ಲ. ಮುಂದೆ ಹಾರಿ ಅಡ್ಡ ನಿಲ್ಲಲೇ? ಎಂಟು ಹೆಜ್ಜೆ. ಬಾಯಿ ತೆರೆದಾಗ ಬಂದದ್ದು ಅವನು ಯೋಚಿಸಿದ ಮಾತಲ್ಲ, ಅಪ್ಪ ಕಲಿಸಿದ ಮಾತು.

"ಕೇಳಿರಿ! ದೋಣಿಯಲ್ಲಿ ಬಂದವನು ಗಿಲ್‌ಬ್ರೈಡ್!"

ಲಾಕ್ಲನನ ಕಾಲು ನಿಂತಿತು.

ಅವನಿಗೆ ಐದು ವರ್ಷವಿದ್ದಾಗ, ಆಲಿಕಲ್ಲಿನ ಆ ದಿನ, ಕದಲಿದ್ದಕ್ಕೆ ಅಜ್ಜಿ ಕೊಟ್ಟ ಕಪಾಳದೇಟು ಕಾಲಿಗೆ ನೆನಪಿತ್ತೋ ಏನೋ. ಸುತ್ತ ನೋಡಿದ. ಊರಿಗೆ ಊರೇ ಅವನನ್ನು ನೋಡುತ್ತಿತ್ತು. ವಾರಸುದಾರ ಯಾರು ಎಂದು ಮುಂದೆ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಬೇಕಾದ ಹದಿನೈದು ಜನ ಹಿರಿಯರು ಇದೇ ಗೋಡೆಗೆ ಒರಗಿ ನಿಂತವರಲ್ಲೇ ಇದ್ದರು. ಅವನ ಹಕ್ಕೆಲ್ಲ ಈ ರಕ್ತವೇ. ಚಾಚಿದ ತೋಳು ಮೆಲ್ಲಗೆ ಮಡಚಿಕೊಂಡಿತು, ತಲೆಯ ಟೋಪಿಗೆ ಹೋಯಿತು. ಎರಡು ಕೈಗೂ ಟೋಪಿ ಬಂತು.

"ಇದು ಸಮಯ ಅಲ್ಲ, ಮುದುಕ," ಎಂದ ಹಲ್ಲು ಕಚ್ಚಿ.

"ಗಿಲ್‌ಬ್ರೈಡನ ಮಗ ಕೆಂಪು ಫರ್ಗಸ್," ಎಂದ ಫಾರ್ಕರ್. "ನಡಿ," ಎಂದ ಉಸಿರೊಳಗೆ, ಟಾರ್ಕ್ವಿಲನಿಗೆ.

ಧಣಿ ನಡೆದ. ಲಾಕ್ಲನನ ಪಕ್ಕದಲ್ಲೇ, ಅಂಗಿಯ ಅಂಚು ತಾಗುವಷ್ಟು ಹತ್ತಿರ, ದಾಟಿದ. ಇನ್ನು ನೂರ ಹತ್ತು ಹೆಜ್ಜೆ. ಮಾಮೂಲಿ ವೇಗದಲ್ಲಿ ಹೇಳಿದರೆ ಇಪ್ಪತ್ತೊಂದು ಹೆಸರು ಅರ್ಧ ದಾರಿಗೂ ಸಾಲದು ಎಂದು ಫಾರ್ಕರನಿಗೆ ಆಗ ಹೊಳೆಯಿತು. ನಿಲ್ಲಿಸಿದ ಕ್ಷಣವೇ ಆ ತೋಳು ತಿರುಗಿ ಚಾಚುತ್ತದೆ. ಹಾಗಾಗಿ ಒಬ್ಬೊಬ್ಬನ ಹೆಂಡತಿಯನ್ನೂ ಹೇಳಿದ, ಅವಳು ಯಾವ ಕಣಿವೆಯಿಂದ ಬಂದಳು ಎಂದೂ ಹೇಳಿದ. ಹಾಲು ಕೊಟ್ಟ ಒಕ್ಕಲಿನ ತಾಯಂದಿರನ್ನೂ ಸೇರಿಸಿದ, ಅವರ ಹೆಸರನ್ನು ಹಿಂದೆ ಯಾರೂ ಹೇಳಿದ್ದಿಲ್ಲ. ಮೌನಿ ಮಾರ್ಟಿನ್ ಆದ. ನದಿಯಲ್ಲಿ ಮುಳುಗಿದ ಗಿಲ್ಲೆಸ್ಪಿ ಆದ. ಹನ್ನೊಂದನೆಯವನು ಕುಂಟ ಡೂಗಲ್ ಆದ.

"ಕುಂಟ ಡೂಗಲನ ಮಗ..."

ಮಂಜು. ಏನೂ ಇಲ್ಲ. ಹಿಂದೆ ಲಾಕ್ಲನನ ಬೂಟು ಕಲ್ಲಿನ ಮೇಲೆ ಕರಕ್ ಎಂದಿತು. ಜನರ ಮುಖವೆಲ್ಲ ಇವನ ಕಡೆ. "ಕುಂಟ ಡೂಗಲನ ಮಗ..." ಎಂದ ಇನ್ನೊಂದು ಸಲ, ಧ್ವನಿ ಒಡೆಯಿತು.

ಮುಂದೆ ಹೋಗುತ್ತಿದ್ದ ಧಣಿ ನಿಂತ. ತಿರುಗಲಿಲ್ಲ. ತಿದಿಯಂಥ ಉಸಿರು ಒಂದನ್ನು ಎಳೆದುಕೊಂಡು ಹೇಳಿದ, "ಬಿಳಿಗಣ್ಣಿನ ಎವನ್ ಕಣೋ, ಮರೆಗುಳಿ. ಅವನ ಹೆಸರು ಕೇಳಿದ್ರೆ ನೀನು ಚಿಕ್ಕಂದಿನಲ್ಲಿ ಕಂಬಳಿಯೊಳಗೆ ನುಗ್ತಿದ್ದೆ."

"ಬಿಳಿಗಣ್ಣಿನ ಎವನ್!" ಎಂದು ಕೂಗಿದ ಫಾರ್ಕರ್. ಅಲ್ಲಿಂದ ಮುಂದಿನವರು ಒಬ್ಬರ ಹಿಂದೆ ಒಬ್ಬರು, ದೊಡ್ಡಿಯ ಬಾಗಿಲು ತೆಗೆದಾಗ ಕುರಿಗಳು ಬಂದಂತೆ ಬಂದರು.

ಇಪ್ಪತ್ತೊಂದನೆಯ ಹೆಸರು ಟಾರ್ಕ್ವಿಲ್. ಅದನ್ನು ಹೇಳುವಾಗ ಚರ್ಚಿನ ಮೆಟ್ಟಿಲಿಗೆ ಇನ್ನೂ ಮೂವತ್ತು ಹೆಜ್ಜೆ. ಹೆಸರು ಮುಗಿದಿತ್ತು, ದಾರಿ ಮುಗಿದಿರಲಿಲ್ಲ. ಫಾರ್ಕರ್ ವಂಶದ ಪಕ್ಕದ ಕೊಂಬೆ ಹಿಡಿದ. "ಟಾರ್ಕ್ವಿಲನ ತಮ್ಮ ಹ್ಯೂ. ಹ್ಯೂನ ಹೆಂಡತಿ ಮರಿಯನ್. ಹ್ಯೂನ ಮಗ ಲಾಕ್ಲನ್."

ಹೆಸರು ಬಂದವನು ತಲೆ ಬಾಗಿಸಬೇಕು. ಲಾಕ್ಲನ್ ಬಾಗಿಸಿದ. ತಲೆ ಎತ್ತಿದಾಗ ನಗುತ್ತಿದ್ದ. ಯಾಕೆಂದು ಫಾರ್ಕರನಿಗೆ ಅರ್ಥವಾಯಿತು. ಇಲ್ಲಿಗೆ ನಿಲ್ಲಿಸಿದರೆ ಕೊನೆಯ ಹೆಸರು ಲಾಕ್ಲನನದೇ. ಕೊನೆಯ ಹೆಸರು ಯಾರದೋ ಮುಂದಿನ ಯಜಮಾನ ಅವನೇ ಎಂದು ಊರು ಕೇಳಿಸಿಕೊಳ್ಳುತ್ತದೆ. ಉಳಿದದ್ದು ಒಂದೇ ಹೆಸರು, ಹತ್ತೊಂಬತ್ತು ವರ್ಷ ಬಾಯಿಗೆ ಬಾರದ್ದು. ಅದು ಕಿವಿಗೆ ಬಿದ್ದರೆ ಧಣಿಯ ಎದೆ ತಡೆಯುತ್ತದೋ ಇಲ್ಲವೋ. ಟಾರ್ಕ್ವಿಲ್ ಮೆಟ್ಟಿಲ ಬುಡ ಮುಟ್ಟಿದ್ದ. ಲಾಕ್ಲನನ ಒಂದು ಕೈ ಟೋಪಿ ಬಿಟ್ಟಿತು.

"ಟಾರ್ಕ್ವಿಲನ ಮಗ," ಎಂದ ಫಾರ್ಕರ್, "ಐವರ್."

ಧಣಿಯ ಬೆನ್ನು ಕಲ್ಲಾಯಿತು. ಒಂದು ಕಾಲು ಮೊದಲ ಮೆಟ್ಟಿಲ ಮೇಲೆ, ಒಂದು ನೆಲದ ಮೇಲೆ. ಮೈ ಹಿಂದಕ್ಕೆ ವಾಲಿತು, ಮುಂದಕ್ಕೆ ವಾಲಿತು. ಬಲಗಾಲು ಎತ್ತಿಟ್ಟ, ಎರಡನೆಯ ಮೆಟ್ಟಿಲಿಗೆ ಬಂದ, ಅಲ್ಲಿ ಮೊಣಕಾಲು ಮಡಚಿ ಕುಸಿದ. ಕಲ್ಲಿಗೆ ಮೂಳೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು. ಗ್ರಿಜೆಲ್ ಕೂಗಿದಳು. ಅವಳ ಭುಜವನ್ನು ಡಲ್ಗಾರ್ನೊ ಬಲವಾಗಿ ಹಿಡಿದ. ಫಾರ್ಕರನ ಎರಡೂ ಕೈ ಪಟ್ಟಿಯನ್ನು ಎಷ್ಟು ಜಗ್ಗಿದವೆಂದರೆ ಚರ್ಮದ ತೂತು ಹರಿದು ಉದ್ದವಾಯಿತು. ಎರಡು ಹೆಜ್ಜೆ ದೂರ. ಕೈ ಚಾಚಿದರೆ ಸಿಗುವಷ್ಟು. ಹಿಡಿದರೆ ಹುಡುಗಿ ಬೀದಿಗೆ, ಬಿಟ್ಟರೆ ಇವನು ಮಣ್ಣಿಗೆ. ಅವನು ನಿಂತ.

ತುಂಬ ಹೊತ್ತಾದಮೇಲೆ ಮೆಟ್ಟಿಲ ಮೇಲಿಂದ ಧ್ವನಿ ಬಂತು. "ಮುಂದೆ?"

ಫಾರ್ಕರ್ ಹುಡುಗಿಯ ಕಡೆ ತಿರುಗಿ ನೋಡಿದ.

"ನಿನಗೇ ಹೇಳಿದ್ದು. ಐವರನ ಮುಂದೆ ಯಾರು? ಹೇಳೋ, ಚಳಿ ಆಗ್ತಿದೆ."

"ಐವರನ ಮಗಳು," ಎಂದ ಫಾರ್ಕರ್, ಹೆಣ್ಣಿನ ಹೆಸರನ್ನು ಆ ಸಾಲಿನ ಕೊನೆಗೆ ಯಾರೂ ಇಟ್ಟಿರಲಿಲ್ಲ, ಅವನ ಅಪ್ಪ ಕೇಳಿದ್ದರೆ ಕಿವಿ ಹಿಂಡುತ್ತಿದ್ದ, "ಗ್ರಿಜೆಲ್."

ಟಾರ್ಕ್ವಿಲ್ ಎರಡು ಅಂಗೈಯನ್ನೂ ತನ್ನ ಮೊಣಕಾಲ ಮೇಲೆ ಊರಿ, ಕರುವಿನ ಹಾಗೆ ನಡುಗುತ್ತ, ಎದ್ದ. ಮೂರನೆಯ ಮೆಟ್ಟಿಲು ಹತ್ತಿದ. ಚರ್ಚಿನ ಬಾಗಿಲನ್ನು ತಾನೇ ನೂಕಿದ. ಬೇಥಿಯಾ ಬಾಯಿಂದ ಏಪ್ರನ್ ಬಿಟ್ಟು, ಎಷ್ಟೋ ಹೊತ್ತಿನಿಂದ ಹಿಡಿದಿದ್ದ ಉಸಿರನ್ನೂ ಬಿಟ್ಟಳು.

ಪಾದ್ರಿಯ ಉಪದೇಶ ಎರಡು ಗಂಟೆ ನಡೆಯಿತು. ಅದರಲ್ಲಿ ಒಂದು ಮಾತೂ ಫಾರ್ಕರನಿಗೆ ನೆನಪಿಲ್ಲ. ಮುಂದಿನ ಬೆಂಚಿನಲ್ಲಿ ಕುಳಿತ ಟಾರ್ಕ್ವಿಲನ ಭುಜ ಏಳುವುದು, ಇಳಿಯುವುದು, ಇಷ್ಟನ್ನೇ ನೋಡುತ್ತಿದ್ದ. ಒಂದೊಂದು ಸಲ ಇಳಿದದ್ದು ಏಳಲು ತಡ ಮಾಡುತ್ತಿತ್ತು. ಆಗೆಲ್ಲ ಇವನ ಉಸಿರೂ ನಿಲ್ಲುತ್ತಿತ್ತು.

ಚರ್ಚು ಬಿಟ್ಟಮೇಲೆ ಧಣಿ ಬಾಗಿಲಿಗೆ ಬಂದ. ಹೊರಗೆ, ಯೂ ಮರದ ಹತ್ತಿರ, ಟೋಪಿ ಹಾಕಿಕೊಂಡು ಲಾಕ್ಲನ್ ಕಾಯುತ್ತಿದ್ದ. ಇನ್ನೂ ನಾನೂರು ಹೆಜ್ಜೆ.

"ಅವನು ಹೋಗಿಲ್ಲ," ಎಂದ ಫಾರ್ಕರ್ ಮೆಲ್ಲಗೆ. "ಹೆಸರುಗಳೆಲ್ಲ ಮುಗಿದುಹೋದ್ವು. ಏನ್ ಮಾಡ್ಲಿ?"

ಟಾರ್ಕ್ವಿಲನ ತುಟಿ ನೀಲಿಯಾಗಿತ್ತು. ಅವನು ಮೊದಲು ಅಂಗಳ ನೋಡಿದ, ಆಮೇಲೆ ಪಕ್ಕದಲ್ಲಿ ಮುಟ್ಟದೆ ಬಂದು ನಿಂತಿದ್ದ ಮೊಮ್ಮಗಳನ್ನು ನೋಡಿದ.

"ಬರುವಾಗ ಮೇಲಿಂದ ಕೆಳಗೆ ಬಂದ್ಯಲ್ಲ," ಎಂದ. "ಹೋಗುವಾಗ ಕೆಳಗಿಂದ ಮೇಲೆ ಹೋಗು. ಹೆಂಡತಿ, ಹಾಲಿನ ತಾಯಿ, ಯಾರನ್ನೂ ಬಿಡ್ಬೇಡ. ಎವನ್ ಹತ್ರ ಬಂದಾಗ ನಾನಿದ್ದೀನಿ."

ಫಾರ್ಕರ್ ಹರಿದ ಪಟ್ಟಿಯೊಳಗೆ ಹೆಬ್ಬೆರಳು ಸಿಕ್ಕಿಸಿಕೊಂಡು ಎದೆ ತುಂಬ ಉಸಿರು ಎಳೆದುಕೊಂಡ. ಲಾಕ್ಲನ್ ತೋಳು ಚಾಚಿ ಒಂದು ಹೆಜ್ಜೆ ಮುಂದಿಟ್ಟಿದ್ದ.

"ಕೇಳಿರಿ! ಗ್ರಿಜೆಲ್," ಎಂದ ಫಾರ್ಕರ್, "ಐವರನ ಮಗಳು."

ಧಣಿ ಮೆಟ್ಟಿಲಿಗೆ ಕಾಲಿಟ್ಟ. ಯೂ ಮರದ ಹತ್ತಿರ ಟೋಪಿ ಮೆಲ್ಲಗೆ ತಲೆಯಿಂದ ಇಳಿಯಿತು.